ರೋಗಕ್ಕೆ ಹೆಸರಾದ ಊರ ವೈದ್ಯ: ಡಾ. ಹಕಾರು ಹಶಿಮೊಟೊ

ಈ ಸಂಚಿಕೆಗೆ ಒಬ್ಬೊಬ್ಬರೂ ಒಬ್ಬ ವಿಜ್ಞಾನಿಯ ಪರಿಚಯ ಬರೆದುಕೊಡಬೇಕು ಎಂದು ನಮ್ಮ ಜೀವಶಾಸ್ತ್ರದ ಮೇಡಂ ಹೇಳಿದಾಗ ಗೆಳತಿಯರೆಲ್ಲ ಇಬ್ನ್ ಸೀನಾ, ಸಿ.ವಿ. ರಾಮನ್, ಅಬ್ದುಲ್ ಕಲಾಂ, ಮೇರಿ ಕ್ಯೂರಿ ಎಂದು ಹೆಸರು ಹಂಚಿಕೊಂಡರು. ನಾನು ಹಶಿಮೊಟೊ ಎಂದೆ. ಅದು ಯಾವ ಬೈಕ್ ಕಂಪನಿ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು, ತರಗತಿಯೆಲ್ಲ ನಕ್ಕಿತು. ಆದರೆ ಮನೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ, ಅವರ ಹಳೆಯ ರಿಪೋರ್ಟ್‌ಗಳನ್ನು ಒಮ್ಮೆ ತೆರೆದು ನೋಡಿ. ಈ ಹೆಸರು ಅಲ್ಲಿ ಸಿಕ್ಕರೂ ಸಿಗಬಹುದು. ನಮ್ಮ ಮನೆಗೂ ಅದು ಬಂದದ್ದು ಹಾಗೆಯೇ, ಒಂದು ಲ್ಯಾಬ್ ರಿಪೋರ್ಟಿನ ಕೊನೆಯ ಸಾಲಿನಲ್ಲಿ. ಆ ಸಾಲು ನಮ್ಮ ಕೈಗೆ ಬರಲು ಆರು ತಿಂಗಳು ಹಿಡಿಯಿತು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಆ ಹೆಸರಿನ ಮನುಷ್ಯನ ವಿಚಾರ.

ಹಕಾರು ಹಶಿಮೊಟೊ ಹುಟ್ಟಿದ್ದು 1881ರ ಮೇ 5ರಂದು, ಜಪಾನಿನ ಮಿಯೆ ಪ್ರಾಂತ್ಯದ ಇಗಾ ಎಂಬ ಗುಡ್ಡಗಾಡು ಸೀಮೆಯ ಒಂದು ಹಳ್ಳಿಯಲ್ಲಿ. ಕಾರ್ಟೂನುಗಳಲ್ಲಿ ನಾವು ನೋಡುವ ನಿಂಜಾಗಳ ತವರು ಇದೇ ಇಗಾ. ಹೈಕು ಕವಿ ಬಾಶೊ ಹುಟ್ಟಿದ್ದೂ ಇದೇ ಸೀಮೆಯಲ್ಲಿ. ಹಶಿಮೊಟೊ ಅವರದು ತಲೆಮಾರುಗಳಿಂದ ವೈದ್ಯರ ಮನೆತನ. ಮನೆಯ ಹಿರಿಯರಂತೆ ತಾನೂ ವೈದ್ಯನಾಗಬೇಕೆಂಬುದು ಹುಡುಗನಿಗೆ ಬಹುಶಃ ಬಾಲ್ಯದಿಂದಲೇ ಗೊತ್ತಿತ್ತು. ಅದು ಜಪಾನ್ ವೇಗವಾಗಿ ಬದಲಾಗುತ್ತಿದ್ದ ಕಾಲ. 1868ರಿಂದ ಆರಂಭವಾದ ಮೆಯಿಜಿ ಯುಗದಲ್ಲಿ ಆ ದೇಶ ಹೊರಜಗತ್ತಿನ ವಿದ್ಯೆಗಳಿಗೆ ಬಾಗಿಲು ತೆರೆದು, ವೈದ್ಯ ಶಿಕ್ಷಣಕ್ಕೆ ಜರ್ಮನಿಯನ್ನು ಮಾದರಿಯಾಗಿ ಆರಿಸಿಕೊಂಡಿತ್ತು. ಹೀಗಾಗಿ ಅಂದಿನ ಜಪಾನಿ ವೈದ್ಯ ವಿದ್ಯಾರ್ಥಿ ಮಾತೃಭಾಷೆಯ ಜೊತೆಗೆ ಜರ್ಮನ್ ಭಾಷೆಯನ್ನೂ ಕಲಿಯಲೇಬೇಕಾಗಿತ್ತು.

1903ರಲ್ಲಿ ಜಪಾನಿನ ದಕ್ಷಿಣ ಭಾಗದ ಫುಕುವೊಕಾ ನಗರದಲ್ಲಿ ಹೊಸ ವೈದ್ಯಕೀಯ ಕಾಲೇಜೊಂದು ಆರಂಭವಾಯಿತು. ಮುಂದೆ 1911ರಲ್ಲಿ ಅದು ಕ್ಯುಶು ವಿಶ್ವವಿದ್ಯಾಲಯದ ಭಾಗವಾಯಿತು. ಹಶಿಮೊಟೊ ಆ ಕಾಲೇಜಿನ ಮೊದಲ ಬ್ಯಾಚಿನ ವಿದ್ಯಾರ್ಥಿ. 1907ರಲ್ಲಿ ಪದವಿ ಪಡೆದು ಅಲ್ಲಿಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಸೇರಿದರು. ಅಲ್ಲಿ ಗುರುವಾಗಿ ಸಿಕ್ಕವರು ಪ್ರೊಫೆಸರ್ ಹಯಾರಿ ಮಿಯಾಕೆ. ಅವರು ಯುರೋಪಿಗೆ ಹೋಗಿ ಬ್ರೆಸ್ಲಾವ್ ನಗರದ ಹೆಸರಾಂತ ಶಸ್ತ್ರವೈದ್ಯ ಮಿಕುಲಿಚ್ ಅವರ ಕೈಕೆಳಗೆ ಕಲಿತು ಬಂದವರು.

ಮುಂದಿನದನ್ನು ಹೇಳುವ ಮೊದಲು ಪ್ರಥಮ ಪಿಯುಸಿಯ ಪಾಠವನ್ನು ಸ್ವಲ್ಪ ನೆನಪಿಸುತ್ತೇನೆ. ಥೈರಾಯ್ಡ್ ನಮ್ಮ ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಂತೆ ಚಿಟ್ಟೆಯ ಆಕಾರದಲ್ಲಿ ಇರುವ ಗ್ರಂಥಿ. ನಾವು ತಿನ್ನುವ ಆಹಾರದಲ್ಲಿನ ಅಯೋಡಿನ್ ಬಳಸಿ ಅದು ಟಿ3, ಟಿ4 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ದೇಹದ ಶಾಖ, ಹೃದಯದ ಬಡಿತ, ಬೆಳವಣಿಗೆ, ತೂಕ, ಮನಸ್ಸಿನ ಲವಲವಿಕೆ ಎಲ್ಲಕ್ಕೂ ಈ ಹಾರ್ಮೋನು ಬೇಕು. ಗ್ರಂಥಿ ಊದಿಕೊಂಡರೆ ಅದಕ್ಕೆ ಗಳಗಂಡ ಎನ್ನುತ್ತೇವೆ. ಆ ಕಾಲದಲ್ಲಿ ಗಳಗಂಡ ದೊಡ್ಡದಾಗಿ ಉಸಿರಾಟಕ್ಕೋ ನುಂಗುವುದಕ್ಕೋ ಅಡ್ಡಿಯಾದರೆ ಕತ್ತರಿಸಿ ತೆಗೆಯುವುದು ರೂಢಿ.

ಮಿಯಾಕೆ ಅವರ ವಿಭಾಗದಲ್ಲಿ ಹೀಗೆ ಶಸ್ತ್ರಚಿಕಿತ್ಸೆಯಾದ 4 ರೋಗಿಗಳ ಗ್ರಂಥಿಯ ತುಣುಕುಗಳು ಹಶಿಮೊಟೊ ಅವರ ಕೈಗೆ ಬಂದವು. ನಾಲ್ವರೂ ಹೆಂಗಸರು, ಎಲ್ಲರೂ ನಡುವಯಸ್ಸಿನವರು ಅಥವಾ ಅದನ್ನು ದಾಟಿದವರು. ಹಶಿಮೊಟೊ ಆ ತುಣುಕುಗಳನ್ನು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಆಗ ಕಂಡದ್ದು ಅವರು ಓದಿದ ಯಾವ ಗಳಗಂಡದ ಚಿತ್ರಕ್ಕೂ ಹೊಂದುತ್ತಿರಲಿಲ್ಲ. ಗ್ರಂಥಿಯ ಒಳಗೆಲ್ಲ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ತುಂಬಿಕೊಂಡಿದ್ದವು. ಅವು ಸುಮ್ಮನೆ ಚದುರಿರಲಿಲ್ಲ. ದುಗ್ಧಗ್ರಂಥಿಯೊಳಗೆ ಇರುವಂತೆ ಉಂಡೆ ಉಂಡೆಯಾಗಿ ಗುಂಪುಗೂಡಿದ್ದವು. ಹಾರ್ಮೋನು ತಯಾರಿಸಬೇಕಾದ ಕೋಶಗಳು ರೂಪ ಕೆಟ್ಟಿದ್ದವು. ನಡುನಡುವೆ ನಾರಿನಂಥ ಅಂಗಾಂಶ ಬೆಳೆದಿತ್ತು. ಸೋಂಕಿನ ವಿರುದ್ಧ ಹೋರಾಡಬೇಕಾದ ಸೈನಿಕರು, ಶತ್ರುವೇ ಇಲ್ಲದ ಊರಿನಲ್ಲಿ ಪಾಳೆಯ ಹೂಡಿದ ಹಾಗೆ.

ಇದು ಬೇರೆಯದೇ ಆದ ಒಂದು ರೋಗ ಎಂದು ಹಶಿಮೊಟೊ ತೀರ್ಮಾನಿಸಿದರು. 1912ರಲ್ಲಿ ಬರ್ಲಿನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಜರ್ಮನ್ ಭಾಷೆಯಲ್ಲಿ 30 ಪುಟ, ಜೊತೆಗೆ 5 ಚಿತ್ರಗಳು. ರೋಗಕ್ಕೆ ಅವರು ತಮ್ಮ ಹೆಸರನ್ನಿಡಲಿಲ್ಲ. ಲಿಂಫೋಸೈಟ್‌ಗಳಿಂದ ತುಂಬಿದ ಗಳಗಂಡ ಎಂಬ ಅರ್ಥ ಬರುವ ಸ್ಟ್ರುಮಾ ಲಿಂಫೊಮಟೋಸಾ ಎಂಬ ಲ್ಯಾಟಿನ್ ಹೆಸರು ಕೊಟ್ಟರು. ನನಗೆ ಬಹಳ ಹಿಡಿಸಿದ ಸಂಗತಿ ಇದು: ನೋಡಿದ್ದು ಕೇವಲ 4 ರೋಗಿಗಳನ್ನು, ಆದರೆ ಒಬ್ಬೊಬ್ಬರ ವಿವರವನ್ನೂ ಬಿಡದೆ ಬರೆದರು. ಬೇರೆ ಯಾವ ಯಾವ ರೋಗಕ್ಕೆ ಇದು ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಎಂದು ಒಂದೊಂದಾಗಿ ತೂಗಿ ನೋಡಿದರು. ಆಗ ಅವರ ವಯಸ್ಸು ಸುಮಾರು 31.

ಅದೇ ಹೊತ್ತಿಗೆ ಅವರು ಹೆಚ್ಚಿನ ಅಧ್ಯಯನಕ್ಕೆ ಯುರೋಪಿಗೆ ಹೋದರು. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕೌಫ್‌ಮನ್ ಅವರ ಬಳಿ ರೋಗಶಾಸ್ತ್ರ ಕಲಿತರು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಜಪಾನ್ ಜರ್ಮನಿಯ ಎದುರು ಪಕ್ಷಕ್ಕೆ ಸೇರಿತು. ಆ ಯುದ್ಧ ಅವರ ಯುರೋಪಿನ ಓದನ್ನು ನಿಲ್ಲಿಸಿತು. ಸ್ವದೇಶಕ್ಕೆ ಮರಳಿದ ಹಶಿಮೊಟೊ ವಿಶ್ವವಿದ್ಯಾಲಯದ ದೊಡ್ಡ ಹುದ್ದೆಯ ದಾರಿ ಹಿಡಿಯಲಿಲ್ಲ. 1916ರಲ್ಲಿ ಹುಟ್ಟೂರಾದ ಇಗಾಕ್ಕೆ ಹೋಗಿ ಊರ ವೈದ್ಯರಾದರು. ಜರ್ಮನಿಯಲ್ಲಿ ಕಲಿತು ಬಂದ ಶಸ್ತ್ರವೈದ್ಯ, ಮುಂದಿನ ಸುಮಾರು 18 ವರ್ಷ ತನ್ನ ಊರಿನವರ ನಾಡಿ ನೋಡುತ್ತಾ ಕಳೆದರು. 1934ರ ಜನವರಿ 9ರಂದು ಟೈಫಾಯ್ಡ್ ಜ್ವರದಿಂದ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಟೈಫಾಯ್ಡನ್ನು ಗುಣಪಡಿಸುವ ಆಂಟಿಬಯಾಟಿಕ್ ಬರಲು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲವಿತ್ತು.

ಇತ್ತ ಅವರ ಪ್ರಬಂಧದ ಗತಿ ಏನಾಯಿತು? ಬಹುಕಾಲ ಅದನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. 1896ರಲ್ಲಿ ಜರ್ಮನಿಯ ರೀಡೆಲ್ ಎಂಬ ವೈದ್ಯರು ಕಬ್ಬಿಣದಂತೆ ಗಟ್ಟಿಯಾಗುವ ಒಂದು ಥೈರಾಯ್ಡ್ ರೋಗವನ್ನು ವಿವರಿಸಿದ್ದರು. ಹಶಿಮೊಟೊ ಕಂಡದ್ದು ಅದೇ ರೋಗದ ಆರಂಭದ ಹಂತ, ಬೇರೆಯದಲ್ಲ ಎಂದು ಪಾಶ್ಚಾತ್ಯ ತಜ್ಞರು ಹಲವರು ಬರೆದರು. 1931ರಲ್ಲಿ ಅಮೆರಿಕದ ಗ್ರಹಾಂ ಮತ್ತು ಮೆಕಲ್ಲಾ ಎಂಬ ವೈದ್ಯರು ಎರಡೂ ಬೇರೆ ಬೇರೆ ಎಂದು ವಾದಿಸಿದರು. 1939ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸೆಸಿಲ್ ಜೋಲ್ ಈ ರೋಗದ ಬಗ್ಗೆ ವಿಸ್ತಾರವಾದ ಲೇಖನ ಬರೆದು ಅದನ್ನು ಹಶಿಮೊಟೊ ರೋಗ ಎಂದೇ ಕರೆದರು. ಹೆಸರು ಗಟ್ಟಿಯಾಗುವ ಹೊತ್ತಿಗೆ ಹೆಸರಿನವರು ಇರಲಿಲ್ಲ. ರೋಗಗಳ ಹೆಸರಿನ ಚರಿತ್ರೆಯೇ ಹೀಗೆ. ಗಳಗಂಡದ ಜೊತೆ ಕಣ್ಣುಗುಡ್ಡೆ ಮುಂದಕ್ಕೆ ಬರುವ ಥೈರಾಯ್ಡ್ ರೋಗಕ್ಕೆ ಇಂದು 19ನೇ ಶತಮಾನದ ಐರಿಷ್ ವೈದ್ಯ ಗ್ರೇವ್ಸ್ ಅವರ ಹೆಸರಿದೆ. ಆದರೆ ಆ ಎರಡೂ ಲಕ್ಷಣಗಳು ಜೊತೆಯಾಗಿ ಬರುವುದನ್ನು 12ನೇ ಶತಮಾನದಲ್ಲೇ ಪರ್ಷಿಯಾದ ವೈದ್ಯ ಅಲ್ ಜುರ್ಜಾನಿ ಬರೆದಿಟ್ಟಿದ್ದರು.

ಹಶಿಮೊಟೊ ಅವರಿಗೆ ಬಿಡಿಸಲಾಗದ ಒಂದು ಪ್ರಶ್ನೆ ಉಳಿದಿತ್ತು. ಆ ಬಿಳಿ ರಕ್ತಕಣಗಳು ಅಲ್ಲಿಗೆ ಬಂದದ್ದೇಕೆ? ಉತ್ತರ ಸಿಕ್ಕಿದ್ದು 1956ರಲ್ಲಿ, ಅದೂ ಒಂದೇ ವರ್ಷದಲ್ಲಿ ಎರಡು ಕಡೆ. ದೇಹ ತನ್ನ ಮೇಲೆ ತಾನೇ ದಾಳಿ ಮಾಡುವುದಿಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. ನೊಬೆಲ್ ಪಡೆದ ಪಾಲ್ ಎರ್ಲಿಚ್ ಅವರ ಕಾಲದಿಂದ ಬಂದ ಆ ನಂಬಿಕೆಯನ್ನು ಪ್ರಶ್ನಿಸಿದವರು ಕಡಿಮೆ. ಅಮೆರಿಕದ ಬಫಲೋ ನಗರದಲ್ಲಿ ನೋಯೆಲ್ ರೋಸ್ ಎಂಬ ಯುವ ಸಂಶೋಧಕ, ತಮ್ಮ ಗುರು ವಿಟೆಬ್ಸ್ಕಿ ಅವರ ಪ್ರಯೋಗಾಲಯದಲ್ಲಿ, ಮೊಲಗಳಿಗೆ ಥೈರಾಯ್ಡ್ ಗ್ರಂಥಿಯ ಸಾರವನ್ನೇ ಚುಚ್ಚಿದರು. ಮೊಲಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧ ಪ್ರತಿಕಾಯಗಳು ಹುಟ್ಟಿದವು. ಗ್ರಂಥಿಯನ್ನು ಕತ್ತರಿಸಿ ನೋಡಿದರೆ, 44 ವರ್ಷ ಹಿಂದೆ ಹಶಿಮೊಟೊ ಬರೆದಿಟ್ಟ ಚಿತ್ರದಂತೆಯೇ ಲಿಂಫೋಸೈಟ್‌ಗಳು ತುಂಬಿದ್ದವು. ಅದೇ ವರ್ಷ ಲಂಡನ್ನಿನಲ್ಲಿ ಐವನ್ ರಾಯ್ಟ್, ಡೆಬೊರಾ ಡೊನಿಯಾಕ್ ಮತ್ತು ಸಂಗಡಿಗರು ಹಶಿಮೊಟೊ ರೋಗಿಗಳ ರಕ್ತದಲ್ಲೇ ಅಂಥ ಪ್ರತಿಕಾಯಗಳನ್ನು ಪತ್ತೆ ಮಾಡಿದರು. ನಮ್ಮ ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಸ್ವಯಂ ನಿರೋಧಕ ರೋಗ ಎಂದು ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ವಿಷಯದ ಹಿಂದೆ ಈ ಮೊಲಗಳೂ ಇವೆ, ಆ ನಾಲ್ವರು ಜಪಾನಿ ಹೆಂಗಸರೂ ಇದ್ದಾರೆ.

ಈಗ ನಮ್ಮ ಮನೆಯ ಕಥೆ. ಎರಡು ವರ್ಷದ ಹಿಂದೆ ಅಮ್ಮಿಯ ತಂಗಿ, ನಮ್ಮ ಖಾಲಾಗೆ ಕುತ್ತಿಗೆಯ ಮುಂಭಾಗದಲ್ಲಿ ನೋವು ಶುರುವಾಯಿತು. ನೋವು ದವಡೆಗೆ ಏರಿ ಕಿವಿಯವರೆಗೆ ಹೋಗುತ್ತಿತ್ತು. ರೊಟ್ಟಿ ನುಂಗುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸಂಜೆ ಹೊತ್ತು ಸಣ್ಣ ಜ್ವರ. ಒಬ್ಬ ವೈದ್ಯರು ಗಂಟಲಿನ ಸೋಂಕು ಎಂದರು. ಆಂಟಿಬಯಾಟಿಕ್ ಮೂರು ಸಲ ಆಯಿತು. ಇನ್ನೊಂದು ಕಡೆ ಹಲ್ಲು ನೋಡಿದರು, ಮತ್ತೊಂದು ಕಡೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಥೈರಾಯ್ಡ್ ಇರಬಹುದೇ ಎಂದು ಅಮ್ಮಿ ಕೇಳಿದಾಗ, ಥೈರಾಯ್ಡಿನಲ್ಲಿ ನೋವು ಬರುವುದಿಲ್ಲ, ಇದೆಲ್ಲ ಟೆನ್ಷನ್ ಎಂಬ ಉತ್ತರ ಬಂತು. ಖಾಲಾ ಸುಮ್ಮನಾದರು. ನೋವು ಸುಮ್ಮನಾಗಲಿಲ್ಲ.

ಥೈರಾಯ್ಡಿನಲ್ಲಿ ನೋವು ಬರುವುದಿಲ್ಲ ಎಂಬ ಮಾತು ಪೂರ್ತಿ ಸುಳ್ಳೇನಲ್ಲ. ಹಶಿಮೊಟೊ ರೋಗ ಸಾಮಾನ್ಯವಾಗಿ ನೋಯಿಸದೆ ಬರುತ್ತದೆ. ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು, ಕೂದಲು ಉದುರುವುದು, ಮಲಬದ್ಧತೆ, ಮುಟ್ಟಿನ ಏರುಪೇರು, ಇವೇ ಅದರ ಗುರುತುಗಳು. ಹೆಂಗಸರಲ್ಲಿ ಇದು ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಅಪರೂಪಕ್ಕೆ ಕೆಲವರಲ್ಲಿ ಗ್ರಂಥಿ ಮುಟ್ಟಲಾಗದಷ್ಟು ನೋಯುತ್ತದೆ. ಅಪರೂಪ ಎಂಬ ಕಾರಣಕ್ಕೇ ಅಂಥವರ ರೋಗ ತಡವಾಗಿ ತಿಳಿಯುತ್ತದೆ.

ಕೊನೆಗೆ ಒಂದು ಆಸ್ಪತ್ರೆಯಲ್ಲಿ ಹಾರ್ಮೋನು ರೋಗಗಳ ತಜ್ಞೆಯೊಬ್ಬರು ಖಾಲಾರ ಕುತ್ತಿಗೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ನೋವು ಗಂಟಲಿನ ಒಳಗಲ್ಲ, ಗ್ರಂಥಿಯಲ್ಲಿ ಎಂಬುದು ಆ ಎರಡು ನಿಮಿಷದಲ್ಲಿ ತಿಳಿಯಿತು. ಥೈರಾಯ್ಡ್ ನೋಯಲು ಹೆಚ್ಚು ಸಾಮಾನ್ಯವಾದ ಕಾರಣ ಬೇರೊಂದಿದೆ ಎಂದು ಅವರು ನಮಗೆ ವಿವರಿಸಿದರು. ಅದರ ಹೆಸರು ಸಬ್‌ಅಕ್ಯೂಟ್ ಥೈರಾಯ್ಡೈಟಿಸ್. ಸ್ವಿಟ್ಜರ್ಲೆಂಡಿನ ಡಿ ಕ್ವೆರ್ವೇನ್ ಎಂಬ ಶಸ್ತ್ರವೈದ್ಯರು 1904ರಲ್ಲಿ ಅದನ್ನು ವಿವರವಾಗಿ ಬರೆದಿದ್ದಾರೆ. ಅದು ಹೆಚ್ಚಾಗಿ ವೈರಲ್ ಶೀತ ಜ್ವರದ ಬೆನ್ನಿಗೆ ಬರುತ್ತದೆ, ಕೆಲವು ವಾರ ಅಥವಾ ತಿಂಗಳಲ್ಲಿ ತಾನೇ ಇಳಿಯುತ್ತದೆ. ನೋವಿನ ಮಾತ್ರೆಗೆ, ಜೋರಾಗಿದ್ದರೆ ಸ್ಟೆರಾಯ್ಡ್‌ಗೆ ಚೆನ್ನಾಗಿ ಬಗ್ಗುತ್ತದೆ. ಹಾಗಾಗಿ ಎರಡರ ನಡುವಿನ ವ್ಯತ್ಯಾಸ ತಿಳಿಯುವುದು ಮುಖ್ಯ.

ಆ ವ್ಯತ್ಯಾಸ ತಿಳಿಯಲು ಒಂದೇ ಪರೀಕ್ಷೆ ಸಾಲದು. ರಕ್ತದಲ್ಲಿ ಟಿಎಸ್‌ಎಚ್ ಮತ್ತು ಟಿ4 ನೋಡಿದರೆ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿದೆಯೋ ಕಡಿಮೆಯೋ ತಿಳಿಯುತ್ತದೆ. ಇಎಸ್‌ಆರ್ ಉರಿಯೂತದ ಪ್ರಮಾಣ ಹೇಳುತ್ತದೆ. ಡಿ ಕ್ವೆರ್ವೇನ್ ರೋಗದಲ್ಲಿ ಅದು ತುಂಬ ಏರಿರುತ್ತದೆ, ಆದರೆ ನೋಯುವ ಹಶಿಮೊಟೊದಲ್ಲೂ ಏರಬಹುದು. ಟಿಪಿಒ ಪ್ರತಿಕಾಯಗಳ ಪ್ರಮಾಣ ಬಹಳ ಹೆಚ್ಚಿದ್ದರೆ ಅನುಮಾನ ಹಶಿಮೊಟೊ ಕಡೆ ವಾಲುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ರಚನೆ ಕಾಣುತ್ತದೆ, ಕೀವಿನ ಗಡ್ಡೆ ಅಥವಾ ರಕ್ತ ತುಂಬಿದ ಗಂಟು ಇದ್ದರೆ ಗೊತ್ತಾಗುತ್ತದೆ. ಕೊನೆಗೆ ತೆಳು ಸೂಜಿಯಿಂದ ಕೆಲವು ಕೋಶಗಳನ್ನು ಹೀರಿ ಸ್ಲೈಡಿನ ಮೇಲೆ ಹರಡಿ ನೋಡುತ್ತಾರೆ. ಇದಕ್ಕೆ ಎಫ್‌ಎನ್‌ಎಸಿ ಎನ್ನುತ್ತಾರೆ. ಹಲವು ಕೇಂದ್ರಗಳುಳ್ಳ ದೈತ್ಯ ಕೋಶಗಳು ಕಂಡರೆ ಡಿ ಕ್ವೆರ್ವೇನ್. ಲಿಂಫೋಸೈಟ್‌ಗಳ ದಂಡು ಕಂಡರೆ ಹಶಿಮೊಟೊ. ಖಾಲಾರ ಸ್ಲೈಡಿನಲ್ಲಿ ಕಂಡದ್ದು ಎರಡನೆಯದು. ಫುಕುವೊಕಾದಲ್ಲಿ ಆ ಯುವ ವೈದ್ಯ ಮೊದಲ ಬಾರಿಗೆ ಗುರುತಿಸಿದ್ದನ್ನೇ ನಮ್ಮ ಜಿಲ್ಲೆಯ ಒಂದು ಲ್ಯಾಬಿನಲ್ಲಿ ಯಾರೋ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಗುರುತಿಸಿದ್ದರು.

ರೋಗ ತಿಳಿದ ಮೇಲೂ ದಾರಿ ನೇರವಾಗಿರಲಿಲ್ಲ. ಸ್ಟೆರಾಯ್ಡ್ ಕೊಟ್ಟಾಗ ಮೂರು ದಿನದಲ್ಲಿ ನೋವು ಇಳಿಯಿತು, ಖಾಲಾ ನಕ್ಕದ್ದನ್ನು ಬಹಳ ದಿನದ ನಂತರ ನೋಡಿದೆವು. ಪ್ರಮಾಣ ಕಡಿಮೆ ಮಾಡುತ್ತಾ ಬಂದ ಹಾಗೆ ನೋವು ಮರಳಿತು. ಎರಡು ಸಲ ಹೀಗಾಯಿತು. ಸ್ಟೆರಾಯ್ಡನ್ನು ವರ್ಷಗಟ್ಟಲೆ ನುಂಗುವಂತಿಲ್ಲ, ಸಕ್ಕರೆ, ಬಿಪಿ, ಮೂಳೆ ಎಲ್ಲಕ್ಕೂ ಅದು ಕೆಡುಕು. ಹಾಗೆಂದು ತಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಇಂಥ ನೋವು ಔಷಧಕ್ಕೆ ಮಣಿಯದಿದ್ದಾಗ ಇಡೀ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಕೊನೆಯ ದಾರಿ. ಧ್ವನಿಯ ನರ ಮತ್ತು ಕ್ಯಾಲ್ಸಿಯಂ ಕಾಯುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅಲ್ಲೇ ಪಕ್ಕದಲ್ಲಿರುವುದರಿಂದ ಅದು ನುರಿತ ಕೈಗಳ ಕೆಲಸ. ಮನೆಯವರೆಲ್ಲ ಕೂತು ಮಾತಾಡಿ, ದುಆ ಮಾಡಿ, ಖಾಲಾ ಒಪ್ಪಿದರು. ಶಸ್ತ್ರಚಿಕಿತ್ಸೆ ಆಯಿತು. ನೋವು ಹೋಯಿತು.

ಗ್ರಂಥಿ ಇಲ್ಲದ ಮೇಲೆ ಹಾರ್ಮೋನು ಮಾತ್ರೆ ಜೀವನಪರ್ಯಂತ. ನೋವಿಲ್ಲದ ಹಶಿಮೊಟೊದಲ್ಲೂ ಗ್ರಂಥಿ ಸೋತವರಿಗೆ ಇದೇ ಚಿಕಿತ್ಸೆ. ಲೆವೊಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಚಹಾ, ತಿಂಡಿ. ಕಬ್ಬಿಣಾಂಶದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಬೇಕು. ರಮ್ಝಾನ್ ತಿಂಗಳಲ್ಲಿ ನಮ್ಮಲ್ಲಿ ಹಲವರು ಈ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ನುಂಗಬಹುದು, ಅಥವಾ ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ನುಂಗಬಹುದು. ಯಾವುದು ತಮಗೆ ಸರಿ ಎಂದು ಉಪವಾಸ ಶುರುವಾಗುವ ಮೊದಲೇ ತಮ್ಮ ವೈದ್ಯರನ್ನು ಕೇಳಿಕೊಂಡರೆ ಸಾಕು.

ನಮ್ಮ ತರಗತಿಯಲ್ಲಿ ನೀಟ್ ಪರೀಕ್ಷೆಗೆ ಓದುತ್ತಿರುವವರು ಬಹಳ ಮಂದಿ ಇದ್ದೇವೆ. ರ‍್ಯಾಂಕ್, ಸೀಟು, ದೊಡ್ಡ ನಗರದ ದೊಡ್ಡ ಆಸ್ಪತ್ರೆ, ಇವೇ ನಮ್ಮ ಮಾತು. ಹಶಿಮೊಟೊ ಅವರ ಬದುಕಿನಲ್ಲಿ ನಾನು ಬೇರೆ ಎರಡು ಸಂಗತಿ ಕಂಡೆ. ಓದಿದ ಚಿತ್ರಕ್ಕೆ ಎದುರಿಗಿರುವುದು ಹೊಂದದಿದ್ದಾಗ ಅವರು ಎದುರಿಗಿರುವುದನ್ನು ನಂಬಿದರು. ಖಾಲಾರ ಕುತ್ತಿಗೆ ಮುಟ್ಟಿ ನೋಡಿದ ಆ ವೈದ್ಯೆ ಮಾಡಿದ್ದೂ ಅದನ್ನೇ. ಎರಡನೆಯದು, ಹೊಸ ರೋಗವೊಂದನ್ನು ಜಗತ್ತಿಗೆ ತೋರಿಸಿದ ಮೇಲೂ ಅವರು ಹೋಗಿ ಕೂತದ್ದು ತಮ್ಮ ಊರಿನ ರೋಗಿಗಳ ನಡುವೆ. ಅದನ್ನು ಸೋಲು ಎಂದು ಎಣಿಸಲು ನನಗೆ ಮನಸ್ಸಾಗುವುದಿಲ್ಲ. ಇಗಾದಲ್ಲಿ ಅವರ ಬಳಿ ಬಂದವರಿಗೆ ಅವರ ಪ್ರಬಂಧದ ವಿಷಯ ಗೊತ್ತಿತ್ತೋ ಇಲ್ಲವೋ, ಒಳ್ಳೆಯ ವೈದ್ಯರೊಬ್ಬರು ಊರಲ್ಲೇ ಇದ್ದಾರೆ ಎಂಬುದಂತೂ ಗೊತ್ತಿತ್ತು. ನಮ್ಮೂರುಗಳಿಗೂ ಅಂಥವರು ಬೇಕು. ನಿಮ್ಮಲ್ಲಿ ಯಾರಾದರೂ ಮುಂದೆ ಬಿಳಿ ಕೋಟು ತೊಟ್ಟರೆ, ನೋವು ಎಂದು ಬಂದವರಿಗೆ ಟೆನ್ಷನ್ ಎಂದು ಹೇಳುವ ಮೊದಲು ಆ ಜಾಗವನ್ನು ಒಮ್ಮೆ ಮುಟ್ಟಿ ನೋಡಿ.